ಸಾವನದುರ್ಗ ಬಿದ್ದದ್ದು ಹೇಗೆ, ನಮ್ಮ ಸರ್ವರ್ ಬಿದ್ದದ್ದು ಹೇಗೆ

ಸಾವನದುರ್ಗ ಹತ್ತಿದವರಿಗೆ ಗೊತ್ತು. ದೂರದಿಂದ ಒಂದೇ ಬಂಡೆಯಂತೆ ಕಂಡರೂ ಅಲ್ಲಿರುವುದು ಎರಡು ಗುಡ್ಡ. ಒಂದು ಕರಿಗುಡ್ಡ, ಇನ್ನೊಂದು ಬಿಳಿಗುಡ್ಡ. ನಡುವೆ ಆಳವಾದ ಕಂದರ. ಮಾಗಡಿ ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ಈ ದುರ್ಗ 1728ರಲ್ಲಿ ಮೈಸೂರಿನ ಪಾಲಾಯಿತು. ಆಮೇಲೆ ಹೈದರಾಲಿ, ಅವನ ನಂತರ ಟಿಪ್ಪು ಸುಲ್ತಾನ್.

ಕೋಟೆಯ ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಕೆಳಗೆ ಸುತ್ತುಗೋಡೆ. ಮೇಲೆ ಎರಡು ಗುಡ್ಡಕ್ಕೂ ಬೇರೆ ಬೇರೆ ಕಾವಲು. ಕೆಳಗಿನ ಗೋಡೆ ಒಡೆದರೂ, ಒಂದು ಗುಡ್ಡವೇ ಕೈತಪ್ಪಿದರೂ, ಇನ್ನೊಂದರಲ್ಲಿ ನಿಂತು ಹೋರಾಡಬಹುದು. ಒಂದು ಕಡೆಯ ಸೋಲು ಇನ್ನೊಂದು ಕಡೆಗೆ ಹರಿಯಬಾರದು ಎನ್ನುವುದೇ ಅದರ ಹಿಂದಿನ ಯೋಚನೆ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕನಕಪುರದ ದಾರಿ ಹಿಡಿದು ಶ್ರೀರಂಗಪಟ್ಟಣದವರೆಗೆ ಹೋಗಿ, ಮಳೆ ಮತ್ತು ದವಸದ ಕೊರತೆಯಿಂದ ಬರಿಗೈಲಿ ಹಿಂತಿರುಗಿದ್ದ. ಎರಡನೇ ಸಲ ಹೊರಡುವ ಮೊದಲು ದಾರಿಯ ದುರ್ಗಗಳನ್ನೆಲ್ಲ ಹಿಡಿಯಬೇಕೆಂದು ತೀರ್ಮಾನಿಸಿದ. ಡಿಸೆಂಬರ್‌ನಲ್ಲಿ ಸಾವನದುರ್ಗದ ಕೆಳಗೆ ಫಿರಂಗಿಗಳು ಬಂದವು. ಕೆಲವೇ ದಿನದಲ್ಲಿ ಗೋಡೆ ಬಿರುಕು ಬಿಟ್ಟಿತು. 21ನೇ ತಾರೀಖು ಬೆಳಿಗ್ಗೆ ಕಂಪನಿಯ ಸೈನಿಕರು ನುಗ್ಗಿದರು.

ಗೋಡೆ ಒಡೆದದ್ದು ದೊಡ್ಡ ವಿಷಯವಲ್ಲ, ಗೋಡೆ ಒಡೆಯುತ್ತದೆ. ಆಮೇಲೆ ನಡೆದದ್ದನ್ನು ನೋಡಿ. ಬಿರುಕಿನ ಬಳಿ ಕಾವಲಿದ್ದವರು ಗಾಬರಿಯಾಗಿ ಮೇಲಿನ ಕೋಟೆಯತ್ತ ಓಡಿದರು. ಬಾಗಿಲು ಅವರಿಗಾಗಿ ತೆರೆದಿತ್ತು. ಬೆನ್ನ ಹಿಂದೆಯೇ ಓಡಿಬಂದ ಕಂಪನಿ ಸೈನಿಕರೂ ಅದೇ ಬಾಗಿಲಲ್ಲಿ ಒಳಗೆ ಹೋದರು. ಯಾರೂ ಗೆಲ್ಲಲಾಗದು ಎಂದುಕೊಂಡಿದ್ದ ದುರ್ಗ ಒಂದು ಗಂಟೆ ತುಂಬುವುದರೊಳಗೆ ಬಿತ್ತು. ಕೋಟೆಯವರಲ್ಲಿ ಅನೇಕರು ಸತ್ತರು. ಗೆದ್ದವರಿಗೆ ನಷ್ಟವೇ ಇಲ್ಲ ಎನ್ನಬೇಕು.

ಈ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಇದರ ಅರ್ಥ ಪೂರ್ತಿಯಾಗಿ ಆದದ್ದು ನಮ್ಮ ಈ ತಾಣದ ಸರ್ವರ್‌ಗೆ ಕಳ್ಳ ಹೊಕ್ಕ ಮೇಲೆ.

ನಮ್ಮಲ್ಲಿ ನಡೆದದ್ದು

ಕಾಯಂ ಓದುಗರಿಗೆ ನೆನಪಿರಬಹುದು, ಒಂದು ವಾರ ನಮ್ಮ ಪುಟಗಳು ತೆರೆಯುವುದೇ ಕಷ್ಟವಾಗಿತ್ತು. 'ನೆಟ್ ಸರಿಯಿಲ್ಲವೇನೋ' ಎಂದು ನಾವೂ ಅಂದುಕೊಂಡೆವು. ನೆಟ್ ಸರಿಯಾಗಿಯೇ ಇತ್ತು. ನಾವು ಬಾಡಿಗೆಗೆ ಪಡೆದ ಸರ್ವರ್, ಅಂದರೆ ಹಗಲು ರಾತ್ರಿ ಆನ್ ಇದ್ದು ನಿಮ್ಮ ಫೋನಿಗೆ ಪುಟ ಕಳಿಸುವ ಕಂಪ್ಯೂಟರ್, ಬೇರೆ ಯಾರಿಗೋ ದುಡಿಯುತ್ತಿತ್ತು. ಒಳಹೊಕ್ಕವರು ಅದರಲ್ಲಿ ಕ್ರಿಪ್ಟೋ ನಾಣ್ಯ ಲೆಕ್ಕ ಹಾಕುವ ಪ್ರೋಗ್ರಾಂ ಕೂರಿಸಿದ್ದರು.

ಅಷ್ಟೇ ಆಗಿದ್ದರೆ ಅಳಿಸಿ ಸುಮ್ಮನಾಗುತ್ತಿದ್ದೆವು. ಆದರೆ ಅದೇ ಯಂತ್ರದಲ್ಲಿ ನಿಮ್ಮಲ್ಲಿ ಕೆಲವರ ಹೆಸರು, ಫೋನ್ ನಂಬರ್ ಇದ್ದವು. ಪೋಡಿ ಮಾಡಿಸಲು ಲಂಚ ಕೇಳಿದ್ದನ್ನು, ಖಾತೆ ಬದಲಾವಣೆಗೆ ಅಲೆದಾಡಿಸಿದ್ದನ್ನು, 'ಹೆಸರು ಹಾಕಬೇಡಿ' ಎಂದು ಹೇಳಿ ನಮಗೆ ತಿಳಿಸಿದವರು ಅವರು. ಅರವತ್ತು ಚಿಲ್ಲರೆ ಜನ. ಅವರ ವಿವರವನ್ನು ಯಾರಾದರೂ ನಕಲು ಮಾಡಿಕೊಂಡರೋ ಇಲ್ಲವೋ ಪತ್ತೆ ಮಾಡಲು ನಮ್ಮಿಂದ ಆಗಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದೆವು. ಕನಕಪುರ ಕಡೆಯ ಹಿರಿಯರೊಬ್ಬರು ಎಲ್ಲ ಕೇಳಿಸಿಕೊಂಡು ಇಷ್ಟೇ ಅಂದರು: "ಅಲ್ಲ ಕಣಪ್ಪಾ, ಹೆಸ್ರು ಹಾಕಲ್ಲ ಅಂದಿದ್ರಿ. ಹಾಕ್ಲಿಲ್ಲ, ನಿಜ. ಆದ್ರೆ ಬೀಗದ ಕೈ ಯಾರ್ ಕೈಲಿ ಕೊಟ್ಟಿದ್ರಿ?"

ಅವರ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕ ಚರಿತ್ರೆಯೇ ಈ ಬರಹ.

ಕಂಟೇನರ್ ಎಂಬ ಬಾಡಿಗೆ ಕೋಣೆ

ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ವಠಾರದಲ್ಲಿ ಬಾಡಿಗೆಗೆ ಇದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವಠಾರದಲ್ಲಿ ಎಂಟು ಹತ್ತು ಮನೆ. ಒಬ್ಬೊಬ್ಬರಿಗೂ ಅವರವರ ಬಾಗಿಲು, ಅವರವರ ಬೀಗ. ಆದರೆ ಬಾವಿ ಒಂದೇ, ನೀರಿನ ಟ್ಯಾಂಕ್ ಒಂದೇ, ಕರೆಂಟಿನ ಮೈನ್ ಸ್ವಿಚ್ ಒಂದೇ. ಅವೆಲ್ಲ ಮಾಲೀಕರ ಕೈಯಲ್ಲಿ.

ಈಗಿನ ಸರ್ವರ್‌ಗಳಲ್ಲಿ ಸಾಫ್ಟ್‌ವೇರ್ ಇರುವುದೂ ಹೀಗೆಯೇ. ಒಂದೊಂದು ಪ್ರೋಗ್ರಾಂಗೂ ಒಂದೊಂದು ಕೋಣೆ. ಅದಕ್ಕೆ ಕಂಟೇನರ್ ಎನ್ನುತ್ತಾರೆ. ಒಳಗಿರುವ ಪ್ರೋಗ್ರಾಂಗೆ ತನ್ನ ಕೋಣೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೆ ಎಲ್ಲ ಕೋಣೆಗೂ ಅಡಿಪಾಯ ಒಂದೇ. ಅದಕ್ಕೆ ಕರ್ನಲ್ ಎಂದು ಹೆಸರು. ಪ್ರತಿಯೊಂದಕ್ಕೂ ಬೇರೆ ಸೈಟು, ಬೇರೆ ಮನೆ ಕಟ್ಟಿದಂತೆ ಇರುವ ವ್ಯವಸ್ಥೆಯೂ ಉಂಟು, ಅದು ವರ್ಚುವಲ್ ಮೆಷಿನ್. ಅದರ ಗೋಡೆ ದಪ್ಪ, ಖರ್ಚೂ ಜಾಸ್ತಿ. ಕಂಟೇನರ್ ಹಗುರ, ಅಗ್ಗ. ಆದ್ದರಿಂದಲೇ ಅದು ಎಲ್ಲೆಡೆ ಹಬ್ಬಿತು.

ನಮ್ಮ ಸರ್ವರ್‌ನಲ್ಲಿ ಮೂರು ಕಂಟೇನರ್ ಇದ್ದವು. ಒಂದು ಪುಟ ತೋರಿಸಲು, ಒಂದು ವಿವರಗಳನ್ನು ಇಟ್ಟುಕೊಳ್ಳಲು, ಇನ್ನೊಂದು ನೀವು ಕಳಿಸುವ ಫೋಟೋಗಳನ್ನು ಚಿಕ್ಕದು ಮಾಡಿ ಬೇರೊಂದು ಡಿಸ್ಕ್‌ಗೆ ಸೇರಿಸಲು. ಮೂರನೆಯದು ಆ ಡಿಸ್ಕ್ ಜೋಡಿಸಿಕೊಳ್ಳಲು ಹೋದಾಗಲೆಲ್ಲ 'ಅನುಮತಿ ಇಲ್ಲ' ಎನ್ನುತ್ತಿತ್ತು. ನಮ್ಮಲ್ಲೊಬ್ಬರು ಎರಡು ರಾತ್ರಿ ಒದ್ದಾಡಿದರು. ಮೂರನೇ ರಾತ್ರಿ ಅಂತರ್ಜಾಲದಲ್ಲಿ ಯಾರೋ ಬರೆದದ್ದು ಸಿಕ್ಕಿತು: ಆಜ್ಞೆಯ ಜೊತೆಗೆ ಒಂದೇ ಪದ ಸೇರಿಸಿ, ಎಲ್ಲ ಸರಿಹೋಗುತ್ತದೆ. ಆ ಪದ 'ಪ್ರಿವಿಲೆಜ್ಡ್'. ಸೇರಿಸಿದರು, ಸರಿಹೋಯಿತು. ಚಹಾ ಕುಡಿದು ಮಲಗಿದರು. ಆಮೇಲೆ ಯಾರೂ ಆ ಕಡೆ ನೋಡಲಿಲ್ಲ.

ಆ ಪದ ಮಾಡುವ ಕೆಲಸವೇನೆಂದರೆ, ಒಬ್ಬ ಬಾಡಿಗೆದಾರನ ಕೈಗೆ ವಠಾರದ ಇಡೀ ಬೀಗದ ಕೈ ಗೊಂಚಲನ್ನೇ ಕೊಟ್ಟುಬಿಡುವುದು. ಬೇಕಿದ್ದದ್ದು ಒಂದು ಬೀಗ ತೆರೆಯುವುದು ಮಾತ್ರ.

ಒಬ್ಬರ ಕೈಯಲ್ಲಿ ಎಲ್ಲ

ಈ ತೊಂದರೆ ಕಂಪ್ಯೂಟರಿಗಿಂತ ಹಳೆಯದು. ನಮ್ಮ ಅಜ್ಜಂದಿರ ಕಾಲದಲ್ಲಿ ಊರಿನ ಜಮೀನಿನ ಲೆಕ್ಕ ಶಾನುಭೋಗರ ಕೈಯಲ್ಲಿತ್ತು. ವಂಶಪಾರಂಪರ್ಯದ ಆ ಅಧಿಕಾರ 1961ರ ಕಾಯ್ದೆಯಿಂದ ಹೋಯಿತು, ಗ್ರಾಮ ಲೆಕ್ಕಿಗರು ಬಂದರು. ಆದರೂ ಪಹಣಿ ಬರೆಯುವವರೂ ಅವರೇ, ಕಾಯುವವರೂ ಅವರೇ, ನಕಲು ಕೊಡುವವರೂ ಅವರೇ. ಒಳ್ಳೆಯವರು ಇದ್ದ ಕಡೆ ಊರು ನೆಮ್ಮದಿಯಾಗಿತ್ತು. ಇಲ್ಲದ ಕಡೆ ಒಂದು ಗೆರೆ ತಿದ್ದಿದರೆ ಜಮೀನೇ ಬೇರೆಯವರದ್ದು.

2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಭೂಮಿ ಯೋಜನೆ ತಂದಿತು. ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ವಿವರ, 177 ತಾಲ್ಲೂಕುಗಳ ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯಲ್ಲಿ ಪಹಣಿ ತಂದದ್ದು ನಮ್ಮಲ್ಲಿ ಅನೇಕರಿಗೆ ನೆನಪಿದೆ. ಜನ ಗಮನಿಸದ ಇನ್ನೊಂದು ಸಂಗತಿ ಅದರಲ್ಲಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ವಿವರ ತುಂಬುವವರು ಬೇರೆ, ಮಂಜೂರು ಮಾಡುವವರು ಬೇರೆ. ಒಬ್ಬರಿಗೆ ಒಂದೇ ಬೀಗದ ಕೈ. ಇದರಿಂದ ಮೋಸವೆಲ್ಲ ನಿಂತುಹೋಯಿತು ಎಂದು ನಾವು ಹೇಳುತ್ತಿಲ್ಲ. ಆದರೆ ಯಾರ ಬೆರಳು ಎಲ್ಲಿ ಬಿತ್ತು ಎಂದು ಕೇಳುವ ದಾರಿಯಾದರೂ ಆಯಿತು.

ಕಂಪ್ಯೂಟರ್ ಲೋಕದವರು ಇದೇ ಮಾತನ್ನು 1975ರಲ್ಲಿ ಬರೆದಿಟ್ಟಿದ್ದರು. ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ಇಬ್ಬರು ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ನಿಯಮವಿದೆ. ಯಾವ ಪ್ರೋಗ್ರಾಂ ಆಗಲಿ, ಯಾವ ಮನುಷ್ಯನಾಗಲಿ, ಹಿಡಿದ ಕೆಲಸಕ್ಕೆ ಎಷ್ಟು ಅಧಿಕಾರ ಬೇಕೋ ಅಷ್ಟೇ ಇರಬೇಕು, ಅದಕ್ಕಿಂತ ಒಂದು ಎಳೆಯೂ ಹೆಚ್ಚು ಬೇಡ. ಕೇಳಲು ಸರಳ. ಪಾಲಿಸಲು ಐವತ್ತು ವರ್ಷ ಸಾಲಲಿಲ್ಲ.

ಗೋಡೆ ಎದ್ದ ಬಗೆ

ಯೂನಿಕ್ಸ್ ಎಂಬ ಹಳೆಯ ವ್ಯವಸ್ಥೆಯಲ್ಲಿ 'ರೂಟ್' ಎಂಬ ಒಬ್ಬ ಯಜಮಾನ. ಅವನಿಗೆ ಯಾವ ತಡೆಯೂ ಇಲ್ಲ. ಉಳಿದವರಿಗೆ ತಮ್ಮ ಮನೆ ಬಿಟ್ಟು ಬೇರೇನೂ ಇಲ್ಲ. 1979ರಲ್ಲಿ ಅದಕ್ಕೆ 'ಸಿಎಚ್‌ರೂಟ್' ಎಂಬ ಆಜ್ಞೆ ಸೇರಿತು. ಒಂದು ಪ್ರೋಗ್ರಾಂಗೆ ಒಂದು ಫೋಲ್ಡರ್ ತೋರಿಸಿ, 'ಇದೇ ನಿನ್ನ ಪ್ರಪಂಚ' ಎಂದು ನಂಬಿಸುವ ಉಪಾಯ ಅದು. ಇಂದಿನ ಕಂಟೇನರ್‌ನ ಮೂಲ ಅಲ್ಲಿದೆ. ಆದರೆ ಒಳಗಿದ್ದವನು ರೂಟ್ ಆಗಿದ್ದರೆ ಹೊರಗೆ ಬರುವುದು ಕಷ್ಟವಿರಲಿಲ್ಲ.

1999ರಲ್ಲಿ ಲಿನಕ್ಸ್‌ನಲ್ಲಿ ರೂಟ್‌ನ ಅಧಿಕಾರವನ್ನು ಚೂರು ಮಾಡಿ ಹಂಚುವ ವ್ಯವಸ್ಥೆ ಬಂತು. ಗಡಿಯಾರ ತಿದ್ದಲು ಒಂದು ಬೀಗದ ಕೈ, ನೆಟ್‌ವರ್ಕ್ ಬದಲಿಸಲು ಇನ್ನೊಂದು, ಡಿಸ್ಕ್ ಜೋಡಿಸಲು ಮತ್ತೊಂದು. ಇಂಥವು ಈಗ ಸುಮಾರು 40 ಇವೆ. 2000ದಲ್ಲಿ ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆ 'ಜೈಲ್' ಕೊಟ್ಟಿತು, ಹೆಸರೇ ಹೇಳುವಂತೆ ಪ್ರೋಗ್ರಾಂಗಳಿಗೆ ಸೆರೆಮನೆ. 2008ರಲ್ಲಿ ಗೂಗಲ್ ಎಂಜಿನಿಯರ್‌ಗಳು ಮಾಡಿದ 'ಸಿಗ್ರೂಪ್' ಲಿನಕ್ಸ್‌ಗೆ ಸೇರಿತು. ಯಾವ ಕೋಣೆ ಎಷ್ಟು ಮೆಮೊರಿ, ಎಷ್ಟು ಶಕ್ತಿ ಬಳಸಬಹುದು ಎಂದು ಅಳೆಯುವ ಮೀಟರ್ ಅದು.

2013ರ ಮಾರ್ಚ್‌ನಲ್ಲಿ ಸಾಲೊಮನ್ ಹೈಕ್ಸ್ ಎಂಬವರು ಅಮೆರಿಕದ ಸಾಂಟಾ ಕ್ಲಾರಾದಲ್ಲಿ ಪೈಥಾನ್ ಸಮ್ಮೇಳನದ ವೇದಿಕೆ ಹತ್ತಿ ಐದೇ ನಿಮಿಷ ಮಾತಾಡಿ ಡಾಕರ್ ತೋರಿಸಿದರು. ಅಲ್ಲಿಯವರೆಗೆ ಬಲ್ಲವರು ಮಾತ್ರ ಕಟ್ಟುತ್ತಿದ್ದ ಕೋಣೆಯನ್ನು ಯಾರು ಬೇಕಾದರೂ ಒಂದು ಸಾಲಿನ ಆಜ್ಞೆಯಲ್ಲಿ ಕಟ್ಟುವಂತಾಯಿತು. ಡಾಕರ್ ಜಾಣತನದಿಂದಲೇ ಹೊರಟಿತ್ತು. ಒಂದು ಕಂಟೇನರ್‌ಗೆ ಮಾಮೂಲಾಗಿ ಅದು ಕೊಡುವುದು ಆ 40ರಲ್ಲಿ 14 ಬೀಗದ ಕೈ ಮಾತ್ರ.

ಹಾಗಾದರೆ ಇಡೀ ಗೊಂಚಲು ಕೊಡುವ ಪದ ಎಲ್ಲಿಂದ ಬಂತು?

ಒಂದು ಸಣ್ಣ ಕೆಲಸಕ್ಕೆ ಬಂದದ್ದು

ಅದೇ 2013ರಲ್ಲಿ. ಡಾಕರ್ ಕಟ್ಟುತ್ತಿದ್ದ ಎಂಜಿನಿಯರ್‌ಗಳಿಗೆ ತಮ್ಮ ಡಾಕರ್ ಅನ್ನು ಡಾಕರ್‌ನ ಒಳಗೇ ಓಡಿಸಿ ಪರೀಕ್ಷೆ ಮಾಡಬೇಕಿತ್ತು. ಮಾಮೂಲಿ ಕಂಟೇನರ್‌ನಲ್ಲಿ ಅದು ಆಗದು, ಏಕೆಂದರೆ ಕೋಣೆಯ ಒಳಗೆ ಇನ್ನೊಂದು ಕೋಣೆ ಕಟ್ಟಲು ಮಾಲೀಕನ ಅಧಿಕಾರವೇ ಬೇಕು. ಅದಕ್ಕಾಗಿ 0.6ನೇ ಆವೃತ್ತಿಯಲ್ಲಿ 'ಪ್ರಿವಿಲೆಜ್ಡ್' ಸೇರಿತು. ಅದನ್ನು ಹಾಕಿದರೆ ಎಲ್ಲ ಬೀಗದ ಕೈ ಸಿಗುತ್ತವೆ, ಯಂತ್ರದ ಡಿಸ್ಕ್ ಮೊದಲಾದ ಸಾಧನಗಳೆಲ್ಲ ಕಾಣುತ್ತವೆ. ಇತರ ಕಾವಲುಗಳೂ ಬದಿಗೆ ಸರಿಯುತ್ತವೆ.

ಡಾಕರ್ ಒಳಗೆ ಡಾಕರ್ ಓಡಿಸುವ ದಾರಿ ತೋರಿಸಿದ ಜೆರೋಮ್ ಪೆಟಜೋನಿ ಅವರೇ 2015ರಲ್ಲಿ, ನಿಮ್ಮ ದಿನನಿತ್ಯದ ಪರೀಕ್ಷೆಗಳಿಗೆ ಇದನ್ನು ಬಳಸುವ ಮುಂಚೆ ಎರಡು ಸಲ ಯೋಚಿಸಿ ಎಂದು ಬರೆದರು. ಅಷ್ಟರಲ್ಲಿ ಪದ ಊರೆಲ್ಲ ಹಬ್ಬಿತ್ತು. ಎಲ್ಲಿ 'ಅನುಮತಿ ಇಲ್ಲ' ಎಂದು ಬಂದರೂ ಅದೇ ಮದ್ದು. ತಲೆನೋವಿಗೂ ಅದೇ ಮಾತ್ರೆ, ಕಾಲುನೋವಿಗೂ ಅದೇ ಮಾತ್ರೆ.

ಕೆಲವು ಕೆಲಸಗಳಿಗೆ ಹೆಚ್ಚಿನ ಅಧಿಕಾರ ಬೇಕೇ ಬೇಕು ಎನ್ನುವುದೂ ನಿಜ. ಇಡೀ ಯಂತ್ರದ ನೆಟ್‌ವರ್ಕ್ ನೋಡಿಕೊಳ್ಳುವ, ಡಿಸ್ಕ್ ನೋಡಿಕೊಳ್ಳುವ ಪ್ರೋಗ್ರಾಂಗಳಿಗೆ ಬಾಡಿಗೆದಾರನ ಬೀಗದ ಕೈ ಸಾಲದು. ತೊಂದರೆ ಕೊಡುವುದರಲ್ಲಿ ಇಲ್ಲ, ಕೇಳದೆ ಕೊಡುವುದರಲ್ಲಿದೆ, ಕೊಟ್ಟು ಮರೆಯುವುದರಲ್ಲಿದೆ. ಹೊರಗಿನವರು ಕಳಿಸಿದ್ದನ್ನು ತೆರೆದು ನೋಡುವ ಪ್ರೋಗ್ರಾಂಗೆ ಕೊಟ್ಟರಂತೂ ಕೇಳುವುದೇ ಬೇಡ. ನಾವು ಕೊಟ್ಟದ್ದು ಅಂಥದಕ್ಕೇ. ಯಾರು ಬೇಕಾದರೂ ಫೋಟೋ ಕಳಿಸಬಹುದಾದ ಕೋಣೆ ಅದು.

ಕಳ್ಳ ಬಂದ ದಾರಿ ಈಗ ನಮಗೆ ಗೊತ್ತು. ಫೋಟೋ ಚಿಕ್ಕದು ಮಾಡುವ ಪ್ರೋಗ್ರಾಂ ಹಳೆಯದಾಗಿತ್ತು, ಅದರಲ್ಲಿ ತೂತಿತ್ತು. ಫೋಟೋ ವೇಷದಲ್ಲಿ ಬಂದದ್ದು ಒಳಗೆ ನಿಂತಿತು. ಮಾಮೂಲಿ ಕಂಟೇನರ್ ಆಗಿದ್ದರೆ ಬಹುಪಾಲು ಆ ಕೋಣೆಯಲ್ಲೇ ಸಿಕ್ಕಿಬೀಳುತ್ತಿತ್ತು, ನಾವು ಆ ಕೋಣೆ ಕೆಡವಿ ಹೊಸದು ಕಟ್ಟುತ್ತಿದ್ದೆವು. ಆದರೆ ಅಲ್ಲಿಂದಲೇ ಯಂತ್ರದ ಇಡೀ ಡಿಸ್ಕ್ ಕಾಣುತ್ತಿತ್ತು. ಅದನ್ನು ಜೋಡಿಸಿಕೊಂಡು ಪಕ್ಕದ ಕೋಣೆಯ ಕಡತವನ್ನೂ ಓದಬಹುದಿತ್ತು. ಸಾವನದುರ್ಗದಲ್ಲಿ ಆದದ್ದೂ ಇದೇ. ಗೋಡೆ ಬಿರುಕು ಬಿಟ್ಟದ್ದರಿಂದ ಕೆಳಗಿನ ಕೋಟೆ ಹೋಯಿತು. ಬಾಗಿಲು ತೆರೆದಿದ್ದರಿಂದ ಮೇಲಿನ ಕೋಟೆ ಹೋಯಿತು.

ದೊಡ್ಡವರೂ ಬಿದ್ದರು

ಇದು ನಮ್ಮಂಥ ಚಿಕ್ಕವರ ಎಡವಟ್ಟು ಮಾತ್ರವಲ್ಲ. 2018ರ ಫೆಬ್ರವರಿಯಲ್ಲಿ ಕಾರು ಕಂಪನಿ ಟೆಸ್ಲಾದ ಸುದ್ದಿ ಹೊರಬಂತು. ನೂರಾರು ಕಂಟೇನರ್‌ಗಳನ್ನು ಒಟ್ಟಿಗೆ ಮೇಯಿಸುವ ಕುಬರ್ನೆಟಿಸ್ ಎಂಬ ವ್ಯವಸ್ಥೆಯ ನಿಯಂತ್ರಣ ಪುಟಕ್ಕೆ ಪಾಸ್‌ವರ್ಡೇ ಇರಲಿಲ್ಲ. ಒಳಗೆ ಅಮೆಜಾನ್‌ನಲ್ಲಿರುವ ಅವರ ಉಗ್ರಾಣದ ಬೀಗದ ಕೈ ಬಿದ್ದಿತ್ತು. ಹೊಕ್ಕವರು ಅಲ್ಲಿಯೂ ಕ್ರಿಪ್ಟೋ ಲೆಕ್ಕದ ಪ್ರೋಗ್ರಾಂ ಓಡಿಸಿದ್ದರು.

ಮುಂದಿನ ವರ್ಷ, 2019ರ ಫೆಬ್ರವರಿಯಲ್ಲಿ, ಕಂಟೇನರ್ ಹುಟ್ಟುಹಾಕುವ 'ರನ್‌ಸಿ' ಎಂಬ ಪ್ರೋಗ್ರಾಂನಲ್ಲೇ ದೋಷ ಪತ್ತೆಯಾಯಿತು. ಪ್ರಿವಿಲೆಜ್ಡ್ ಪದ ಹಾಕದಿದ್ದರೂ, ಕೋಣೆಯೊಳಗೆ ರೂಟ್ ಆಗಿದ್ದವನು ಹೊರಗಿನ ಯಂತ್ರವನ್ನೇ ಹಿಡಿಯಬಹುದಿತ್ತು. ತಕ್ಷಣ ತೇಪೆ ಹಾಕಿದರು. ಆದರೆ ಅದು ಒಂದು ಮಾತು ತಿಳಿಸಿತು: ಕಂಟೇನರ್‌ನ ಗೋಡೆ ಮೊದಲೇ ತೆಳು, ನಾವೇ ಅದರಲ್ಲಿ ಕಿಂಡಿ ಕೊರೆಯಬಾರದು.

2022ರಲ್ಲಿ ಕುಬರ್ನೆಟಿಸ್ ಮೂರು ಮಟ್ಟದ ಕಾವಲು ವ್ಯವಸ್ಥೆಯನ್ನು ಗಟ್ಟಿಮಾಡಿತು. ಒಂದರಲ್ಲಿ ಯಾವ ತಡೆಯೂ ಇಲ್ಲ, ಒಂದರಲ್ಲಿ ಗೊತ್ತಿರುವ ಅಪಾಯಗಳಿಗೆ ತಡೆ, ಇನ್ನೊಂದು ಕಟ್ಟುನಿಟ್ಟು. ಆದರೆ ನಾವಾಗಿ ಆರಿಸದೆ ಹೋದರೆ ತಡೆಯಿಲ್ಲದ್ದೇ ಉಳಿಯುತ್ತದೆ. ಯಾರಾದರೂ ಕುಳಿತು ಆರಿಸಬೇಕು.

ನಾವು ಸರಿಮಾಡಿದ್ದು

ರಾಮನಗರ, ಚನ್ನಪಟ್ಟಣದಿಂದ ದಿನಾ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಂಪನಿಗಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಲ್ಲಿ ಈ ಕೆಲಸ ಮಾಡುವವರಿದ್ದಾರೆ. ಅವರಲ್ಲೊಬ್ಬಳು ಎರಡು ಭಾನುವಾರ ನಮ್ಮ ಜೊತೆ ಕುಳಿತು ಎಲ್ಲ ಸರಿಪಡಿಸಿದಳು. ಅವಳು ಮಾಡಿದ್ದನ್ನು ಇಲ್ಲಿ ಬರೆಯುತ್ತೇವೆ, ಇನ್ನೊಬ್ಬರಿಗೆ ಉಪಯೋಗವಾಗಲಿ.

ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿದಳು. ಇಡೀ ಗೊಂಚಲು ಯಾರ ಕೈಗೆ ಹೋಗಿತ್ತೋ ಗೊತ್ತಿಲ್ಲದಾಗ ಬೀಗ ಬದಲಿಸುವುದೇ ಸರಿ ಎಂದಳು, ಪಾಸ್‌ವರ್ಡ್‌ಗಳನ್ನೂ ಬದಲಿಸಿದಳು. ಪ್ರಿವಿಲೆಜ್ಡ್ ಪದ ತೆಗೆದಳು. ಡಿಸ್ಕ್ ಜೋಡಿಸುವ ಕೆಲಸವನ್ನು ಕಂಟೇನರ್‌ನ ಹೊರಗೆ, ಯಂತ್ರದಲ್ಲೇ ಮಾಡಿ, ಫೋಟೋ ಕೋಣೆಗೆ ಒಂದೇ ಒಂದು ಫೋಲ್ಡರ್ ಕೊಟ್ಟಳು. ನಾವು ಎರಡು ರಾತ್ರಿ ಒದ್ದಾಡಿದ್ದಕ್ಕೆ ಉತ್ತರ ಹತ್ತು ನಿಮಿಷದ್ದು. ಆ 14 ಬೀಗದ ಕೈಗಳನ್ನೂ ಕಿತ್ತುಕೊಂಡು, ಓಡಿಸಿ ನೋಡಿ, ಬೇಕಾದದ್ದನ್ನು ಮಾತ್ರ ಮರಳಿ ಕೊಟ್ಟಳು. ಒಳಗಿನ ಪ್ರೋಗ್ರಾಂ ರೂಟ್ ಆಗಿ ಓಡದಂತೆ ಮಾಡಿದಳು. ಡಾಕರ್‌ಗೇ ಆಜ್ಞೆ ಕೊಡುವ 'ಸಾಕೆಟ್' ಅನ್ನು ಯಾವ ಕಂಟೇನರ್‌ಗೂ ಕೊಡಬೇಡಿ, ಅದು ಬೇರೆ ಹೆಸರಿನಲ್ಲಿ ಅದೇ ಗೊಂಚಲು ಎಂದು ಎಚ್ಚರಿಸಿದಳು. ತಿಂಗಳಿಗೊಮ್ಮೆ ಎಲ್ಲ ಪ್ರೋಗ್ರಾಂ ಹೊಸದು ಮಾಡುವ ದಿನ ಗೊತ್ತುಮಾಡಿದೆವು.

ಆ ರಾತ್ರಿ ಪದ ಸೇರಿಸಿದ ನಮ್ಮ ಗೆಳೆಯರನ್ನು ಯಾರೂ ಬೈಯಲಿಲ್ಲ. ಅವರು ಸೇರಿಸಿದ್ದನ್ನು ಮಿಕ್ಕ ಮೂವರು ಒಂದು ದಿನವೂ ಕೇಳಿರಲಿಲ್ಲ.

ನಿಮ್ಮ ಕೈಯಲ್ಲಿರುವ ಕೋಟೆ

ಸರ್ವರ್ ನಮ್ಮದು, ಫೋನ್ ನಿಮ್ಮದು. ಆದರೆ ಲೆಕ್ಕ ಒಂದೇ. ಆಂಡ್ರಾಯ್ಡ್ ಫೋನ್‌ನಲ್ಲಿ 2008ರಿಂದಲೂ ಒಂದೊಂದು ಆ್ಯಪ್‌ಗೆ ಒಂದೊಂದು ಕೋಣೆ. ಒಂದು ಆ್ಯಪ್ ಇನ್ನೊಂದರ ಗುಟ್ಟು ನೋಡುವಂತಿಲ್ಲ. ಹಿಂದೆ ಆ್ಯಪ್ ಹಾಕುವಾಗ ಕೇಳಿದ್ದಕ್ಕೆಲ್ಲ ಒಟ್ಟಿಗೆ ಹೂಂ ಅನ್ನಬೇಕಿತ್ತು. 2015ರಲ್ಲಿ ಬಂದ ಆರನೇ ಆವೃತ್ತಿಯಿಂದ ಕ್ಯಾಮೆರಾ, ಮೆಸೇಜ್, ಕಾಂಟ್ಯಾಕ್ಟ್, ಒಂದೊಂದಕ್ಕೂ ಬೇರೆ ಬೇರೆ ಅನುಮತಿ ಕೇಳುತ್ತದೆ.

ಈ ಗೋಡೆ ಒಡೆಯುವುದು ಕಷ್ಟವೆಂದು ಕಳ್ಳರಿಗೆ ಗೊತ್ತು. ಆದ್ದರಿಂದ ಅವರು ಒಡೆಯುವುದಿಲ್ಲ, ಬಾಗಿಲು ತೆರೆಯಿರಿ ಎಂದು ನಿಮ್ಮನ್ನೇ ಕೇಳುತ್ತಾರೆ. ಪಿಎಂ ಕಿಸಾನ್ ಹೆಸರಿನಲ್ಲಿ, ಗಾಡಿಯ ದಂಡದ ಹೆಸರಿನಲ್ಲಿ, ಮದುವೆ ಆಮಂತ್ರಣದ ಹೆಸರಿನಲ್ಲಿ ವಾಟ್ಸಾಪ್‌ಗೆ ಎಪಿಕೆ ಫೈಲ್ ಬರುತ್ತದೆ. ಮುಟ್ಟಿದರೆ ಮೆಸೇಜ್ ಓದಲು ಅನುಮತಿ ಕೊಡಿ, 'ಆ್ಯಕ್ಸೆಸಿಬಿಲಿಟಿ' ಆನ್ ಮಾಡಿ ಎನ್ನುತ್ತದೆ. ಆ ಎರಡು ಕೊಟ್ಟರೆ ಬ್ಯಾಂಕಿನ ಒಟಿಪಿ ಅವರ ಕೈಗೆ ಹೋಗುತ್ತದೆ, ಪರದೆಯ ಮೇಲಿರುವುದನ್ನೂ ಅವರು ಓದಬಹುದು.

ಮದುವೆ ಕಾಗದ ಓದಲು ನಿಮ್ಮ ಮೆಸೇಜ್ ಯಾಕೆ ನೋಡಬೇಕು? ಟಾರ್ಚ್ ಆ್ಯಪ್‌ಗೆ ನಿಮ್ಮ ನೆಂಟರ ನಂಬರ್ ಯಾಕೆ ಬೇಕು? ಈ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು. ಸೆಟ್ಟಿಂಗ್ಸ್ ತೆರೆದು ಯಾವ ಆ್ಯಪ್‌ಗೆ ಏನು ಕೊಟ್ಟಿದ್ದೀರಿ ಎಂದು ಇವತ್ತೇ ನೋಡಿ. ಬೇಡದ್ದನ್ನು ಕಿತ್ತುಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ನಮಗೆ ಗುಟ್ಟಾಗಿ ಮಾಹಿತಿ ಕೊಡುವವರ ಹೆಸರು, ನಂಬರ್ ಈಗ ಸರ್ವರ್‌ನಲ್ಲಿ ಇಲ್ಲ. ಒಂದು ನೋಟ್‌ಬುಕ್‌ನಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದೇವೆ, ಬೀಗದ ಕೈ ಇಬ್ಬರ ಬಳಿ ಇದೆ. ಕನಕಪುರದ ಆ ಹಿರಿಯರಿಗೆ ಮತ್ತೆ ಫೋನ್ ಮಾಡಿ ಇದನ್ನು ಹೇಳಿದೆವು. "ಆ ಇಬ್ರು ಯಾರು?" ಎಂದು ಕೇಳಿದರು. ಹೆಸರು ಹೇಳಿದೆವು. "ಸರಿ, ಬರ್ಕೊಂಡೆ" ಅಂದರು.